ಸಂವಿಧಾನದ ಹೆಣ್ಣು, ಕಾದಂಬರಿಯ ಹೆಣ್ಣು

ದಕ್ಷಿಣ ಆಫ್ರಿಕದ ಸಂವಿಧಾನವನ್ನೂ ಆ ದೇಶದಲ್ಲಿ ವರ್ಣಭೇದದ ಆಳ್ವಿಕೆ ಮುಗಿದಮೇಲೆ ಬಂದ ಕೆಲವು ಪುಸ್ತಕಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದವನಿಗೆ, ಇವೆರಡೂ ಒಂದೇ ದೇಶದ ಮಾತೇ ಎಂಬ ಶಂಕೆ ಬಂದರೆ ಆಶ್ಚರ್ಯವಿಲ್ಲ. 1996ರ ಆ ಸಂವಿಧಾನದ ಮೊದಲನೆಯ ವಿಧಿಯೇ ವರ್ಣಭೇದವನ್ನೂ ಸ್ತ್ರೀಪುರುಷ ಭೇದವನ್ನೂ ಒಂದೇ ಉಸಿರಿನಲ್ಲಿ ನಿರಾಕರಿಸಿ, ಆ ನಿರಾಕರಣೆಯನ್ನು ರಾಜ್ಯದ ಅಸ್ತಿಭಾರಗಳಲ್ಲಿ ಒಂದಾಗಿ ಇಡುತ್ತದೆ. ಗರ್ಭಿಣಿಯೆಂದಾಗಲಿ, ಮದುವೆಯಾದವಳು ಆಗದವಳು ಎಂದಾಗಲಿ ಯಾರನ್ನೂ ಬೇರೆಯಾಗಿ ಕಾಣಕೂಡದೆಂದು ಒಂಬತ್ತನೆಯ ವಿಧಿ ಹೇಳುತ್ತದೆ. ಹನ್ನೆರಡನೆಯದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಂಸೆ ಸರ್ಕಾರದ ಕೈಯಿಂದ ಬರಲಿ, ಖಾಸಗಿಯವರ ಕೈಯಿಂದ ಬರಲಿ, ಅದರಿಂದ ಮುಕ್ತರಾಗಿರುವ ಹಕ್ಕು ಎಲ್ಲರಿಗೂ ಉಂಟೆಂದು ಸಾರುತ್ತದೆ. ಗಂಡನ ಕೈಯೂ ಇದರಲ್ಲಿ ಸೇರಿತು. ಇಷ್ಟು ಬಿಚ್ಚಿ ಬರೆದ ಸಂವಿಧಾನಗಳು ಲೋಕದಲ್ಲಿ ಹೆಚ್ಚಾಗಿಲ್ಲ. ಪುಸ್ತಕಗಳ ಕಡೆ ತಿರುಗಿದರೆ ಕಾಣುವವಳು ಬೇರೆಯೇ ಒಬ್ಬಳು. ಅವಳು ಕಾಯುತ್ತಾಳೆ; ಬಾಯಿ ಬಿಡಲೊಲ್ಲಳು; ಬಿಟ್ಟರೆ ಅವಳ ಮಾತು ಯಾರಿಗೂ ತಿಳಿಯುವುದಿಲ್ಲ; ಕೊನೆಗೊಂದು ದಿನ ಮನೆ ಬಿಟ್ಟು ಹೊರಟುಹೋಗುತ್ತಾಳೆ.

ಇದನ್ನು ಕಂಡು, ಸಂವಿಧಾನ ಬರಿಯ ಕಾಗದ, ಕಾದಂಬರಿಯೇ ನಿಜ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ಸಾಹಿತ್ಯಪ್ರೇಮಿಗಳಿಗೆ ಇಂಥ ತೀರ್ಪಿನಲ್ಲಿ ಸ್ವಲ್ಪ ಸಂತೋಷವೂ ಇರುತ್ತದೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಆ ಕಾಗದದ ಒಂದೊಂದು ಪದವನ್ನೂ ಹೆಂಗಸರು ಜಗಳವಾಡಿ ಬರೆಸಿದ್ದಾರೆ. ಹಾಗಿದ್ದೂ ಪುಸ್ತಕಗಳ ಹೆಣ್ಣು ಬೇರೆಯಾಗಿ ಕಂಡರೆ, ಹಕ್ಕನ್ನು ಬರೆಯುವ ಕೆಲಸಕ್ಕೂ ಅವಳ ಮಾತನ್ನು ಕೇಳುವ ಕೆಲಸಕ್ಕೂ ನಡುವೆ ಎಲ್ಲಿ ಸಂದು ಬಿಟ್ಟಿದೆ ಎಂಬುದನ್ನು ಹುಡುಕಬೇಕು. ಈ ಪುಸ್ತಕಗಳ ಬೆಲೆಯೂ ಆ ಸಂದನ್ನು ಅವು ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತವೆ ಎಂಬುದರ ಮೇಲೆ ನಿಂತಿದೆ ಎಂದು ನನ್ನ ನಂಬಿಕೆ.

ಮೊದಲು ಜಗಳದ ಕಥೆ. 1954ರ ಏಪ್ರಿಲಿನಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಸೇರಿದ ಹೆಂಗಸರು ತಮ್ಮದೇ ಒಂದು ಹಕ್ಕುಗಳ ಸನ್ನದನ್ನು ಅಂಗೀಕರಿಸಿದರು. ದೇಶದ ಸ್ವಾತಂತ್ರ್ಯಸನ್ನದು ಬಂದದ್ದು ಅದರ ಮರುವರ್ಷ. ಹೆಂಗಸರು ಗಂಡಸರಿಗಿಂತ ಒಂದು ವರ್ಷ ಮುಂದಿದ್ದರೆನ್ನುವುದನ್ನು ನೆನಪಿಡಬೇಕು. 1956ರ ಆಗಸ್ಟ್ 9ರಂದು ಸುಮಾರು 20,000 ಮಂದಿ ಪ್ರಿಟೋರಿಯದ ಸರ್ಕಾರಿ ಸೌಧದ ಮುಂದೆ ನಿಂತು, ಹೆಂಗಸರ ಮೇಲೂ ಹೇರಹೊರಟಿದ್ದ 'ಪಾಸ್' ಚೀಟಿಯ ಕಾನೂನನ್ನು ಪ್ರತಿಭಟಿಸಿದರು. ಲಿಲಿಯನ್ ಎನ್‌ಗೋಯಿ, ಹೆಲೆನ್ ಜೋಸೆಫ್, ರಹೀಮಾ ಮೂಸಾ, ಸೋಫಿ ವಿಲಿಯಮ್ಸ್ ಅವರ ಮುಂದಾಳುಗಳು. ಪ್ರಧಾನಿ ಸ್ಟ್ರೈಡಮ್ ಅವರನ್ನು ಕಾಣಲಿಲ್ಲ. ಆ ದಿನ ಈಗ ಅಲ್ಲಿ ರಾಷ್ಟ್ರೀಯ ರಜಾದಿನ.

ಮುಂದಿನ ಮೂರು ನಾಲ್ಕು ದಶಕಗಳಲ್ಲಿ ಹೋರಾಟವೆಲ್ಲ ಒಂದೇ ಗುರಿಯ ಕಡೆಗೆ ಹರಿಯಿತು. 'ಮೊದಲು ದೇಶ, ಆಮೇಲೆ ಹೆಂಗಸು' ಎಂಬ ಮಾತು ಎಲ್ಲ ಚಳುವಳಿಗಳಲ್ಲಿಯೂ ಕೇಳಬರುವ ಮಾತೇ. ದಕ್ಷಿಣ ಆಫ್ರಿಕದ ಹೆಂಗಸರ ವಿಶೇಷವೆಂದರೆ, ಬಿಡುಗಡೆ ಕಣ್ಣಿಗೆ ಕಾಣಿಸಿಕೊಂಡ ಕ್ಷಣದಲ್ಲೇ ಅವರು ಈ ಮಾತನ್ನು ನಂಬುವುದನ್ನು ನಿಲ್ಲಿಸಿದರು. 1991ರಲ್ಲಿ ಡರ್ಬನ್ನಿನಲ್ಲಿ ನಡೆದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಅಧಿವೇಶನದಲ್ಲಿ, ಕಾರ್ಯಸಮಿತಿಯಲ್ಲಿ ನೂರಕ್ಕೆ 30 ಸ್ಥಾನ ಹೆಂಗಸರಿಗೆ ಬೇಕೆಂದು ಮಹಿಳಾ ಶಾಖೆ ಕೇಳಿತು, ಸಿಗಲಿಲ್ಲ. ಮರುವರ್ಷವೇ ಮಹಿಳೆಯರ ರಾಷ್ಟ್ರೀಯ ಒಕ್ಕೂಟವೊಂದು ಹುಟ್ಟಿತು. ಸೆರೆಮನೆಗೆ ಹೋದವರ ಪಕ್ಷವೂ ಸೆರೆಗೆ ಹಾಕಿದವರ ಪಕ್ಷವೂ ಒಂದೇ ಮೇಜಿನ ಸುತ್ತ ಕುಳಿತದ್ದು ಅಲ್ಲಿ, ಹೆಂಗಸರ ನಡುವೆ. 1993ರಲ್ಲಿ ಕೆಂಪ್ಟನ್ ಪಾರ್ಕಿನಲ್ಲಿ ಹೊಸ ರಾಜ್ಯದ ಮಾತುಕತೆ ನಡೆಯುವಾಗ, ಪ್ರತಿ ಪಕ್ಷದ ಇಬ್ಬರು ಪ್ರತಿನಿಧಿಗಳಲ್ಲಿ ಒಬ್ಬರು ಹೆಂಗಸಾಗಿರಬೇಕೆಂದು ಅವರು ಹಟ ಹಿಡಿದು ಗೆದ್ದರು. ಇದು ಲಾಂಛನದ ಗೆಲುವಾಗಿ ಉಳಿಯಲಿಲ್ಲ. ಬುಡಕಟ್ಟಿನ ನಾಯಕರು ತಮ್ಮ ಕುಲಾಚಾರದ ಕಾನೂನನ್ನು ಸಮಾನತೆಯ ವಿಧಿಯಿಂದ ಹೊರಗಿಡಬೇಕೆಂದು ಅದೇ ಮೇಜಿನ ಮುಂದೆ ವಾದಿಸಿದಾಗ, ಎದುರಿಗೆ ಕುಳಿತು ಬೇಡವೆನ್ನಲು ಹೆಂಗಸರಿದ್ದರು. ಕುಲಾಚಾರ ಉಳಿಯಿತು, ಆದರೆ ಸಂವಿಧಾನಕ್ಕೆ ಅಧೀನವಾಗಿ. 1927ರ ಒಂದು ಕಾನೂನಿನ ಪ್ರಕಾರ ಕುಲಾಚಾರದಂತೆ ಮದುವೆಯಾಗಿ ಗಂಡನೊಡನೆ ಬಾಳುವ ಕರಿಯ ಹೆಂಗಸು ಎಷ್ಟು ವಯಸ್ಸಿನವಳಾದರೂ ಅಪ್ರಾಪ್ತವಯಸ್ಕಳೆಂದೇ ಲೆಕ್ಕ. ಮೊಮ್ಮಕ್ಕಳನ್ನು ಕಂಡ ಅಜ್ಜಿಯೂ ಕಾನೂನಿನ ಕಣ್ಣಿಗೆ ಮಗು. ಆ ಅವಸ್ಥೆ ತೊಲಗಲು 1998ರ ವಿವಾಹ ಕಾನೂನು ಬರಬೇಕಾಯಿತು.

ಇಲ್ಲಿ ನಮ್ಮವರಿಗೆ ಪರಿಚಿತವಾದ ಒಂದು ಎಳೆಯಿದೆ. 1913ರಲ್ಲಿ ಕೇಪ್ ಪ್ರಾಂತದ ನ್ಯಾಯಾಧೀಶನೊಬ್ಬ ಕ್ರೈಸ್ತವಿಧಿಯಲ್ಲಿ ನಡೆಯದ, ನೋಂದಣಿಯಾಗದ ಮದುವೆಗೆ ಮಾನ್ಯತೆಯಿಲ್ಲವೆಂದು ತೀರ್ಪಿತ್ತದ್ದರಿಂದಲೇ ಕಸ್ತೂರ್‌ಬಾ ಮೊದಲಾದ ಹೆಂಗಸರು ಗಾಂಧೀಜಿಯವರ ಸತ್ಯಾಗ್ರಹಕ್ಕೆ ಇಳಿದದ್ದು, ಮೂರು ತಿಂಗಳ ಕಠಿಣ ಸಜೆಯನ್ನು ಉಂಡದ್ದು. ಮುಸ್ಲಿಮ್ ವಿಧಿಯ ಮದುವೆಯನ್ನು ಮಾನ್ಯಮಾಡದ ಕಾನೂನು ಸಂವಿಧಾನಕ್ಕೆ ವಿರುದ್ಧವೆಂದು ಆ ದೇಶದ ಸಂವಿಧಾನ ನ್ಯಾಯಾಲಯ ಹೇಳಿದ್ದು 2022ರ ಜೂನಿನಲ್ಲಿ. ನೂರೊಂಬತ್ತು ವರ್ಷ! ಸ್ವಾತಂತ್ರ್ಯ ಬಂದಮೇಲೂ ಇಪ್ಪತ್ತೆಂಟು ವರ್ಷ. ಬರೆದ ಹಕ್ಕು ಅಡಿಗೆಮನೆಯವರೆಗೆ ನಡೆದು ಬರಲು ಎಷ್ಟು ಕಾಲ ಹಿಡಿಯುತ್ತದೆಂಬುದಕ್ಕೆ ಇದೊಂದು ಅಳತೆ.

1994ರ ಏಪ್ರಿಲಿನ ಚುನಾವಣೆಯಿಂದ ಬಂದ ಲೋಕಸಭೆಯಲ್ಲಿ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೆಂಗಸರಿದ್ದರು. ಸಭಾಧ್ಯಕ್ಷಪೀಠದಲ್ಲಿ ಭಾರತೀಯ ಮೂಲದ ಫ್ರೀನ್ ಗಿನ್ವಾಲಾ ಕುಳಿತರು. ಇದಾದಮೇಲೆ ಹೊಸ ರಾಜ್ಯ ತನ್ನ ಹಳೆಯ ಗಾಯವನ್ನು ತೆರೆದು ನೋಡಿಕೊಳ್ಳಲು ಹೊರಟಿತು. 1996ರ ಏಪ್ರಿಲಿನಿಂದ ಸತ್ಯ ಮತ್ತು ಸಾಮರಸ್ಯ ಆಯೋಗ ಊರೂರಿನಲ್ಲಿ ಕುಳಿತು ಜನರ ಸಂಕಟವನ್ನು ಕೇಳಿತು. ನೊಂದವರ ಹೇಳಿಕೆಗಳು 21,000ಕ್ಕೂ ಮೀರಿದವು. ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು. ಆದರೆ ಅವರು ಹೇಳಿದ್ದೇನು? ಬಹುಮಟ್ಟಿಗೆ, ಕೊಲೆಯಾದ ಮಗನ ಕಥೆ, ಕಾಣೆಯಾದ ಗಂಡನ ಕಥೆ, ಚಿತ್ರಹಿಂಸೆಗೀಡಾದ ಅಣ್ಣನ ಕಥೆ. ತನ್ನ ಮೈಮೇಲೆ ನಡೆದದ್ದನ್ನು ಹೇಳಿಕೊಂಡವರು ತೀರ ಕಡಮೆ.

ಇದಕ್ಕೆ ನಾಚಿಕೆಯೊಂದೇ ಕಾರಣವಲ್ಲ. ಆಯೋಗಕ್ಕೆ ಕಾನೂನು ಕೊಟ್ಟ ಚೌಕಟ್ಟೇ ಹಾಗಿತ್ತು. ಕೊಲೆ, ಅಪಹರಣ, ಚಿತ್ರಹಿಂಸೆ, ಘೋರವಾದ ದುರ್ವರ್ತನೆ ಇಷ್ಟು ಮಾತ್ರ ಅದರ ಲೆಕ್ಕಕ್ಕೆ ಬರುತ್ತಿತ್ತು. ಪಾಸ್ ಚೀಟಿಯ ಕಾನೂನು, ಬಲಾತ್ಕಾರದ ಸ್ಥಳಾಂತರ, ಗಂಡ ಗಣಿಗೆ ಹೋಗಿ ಹೆಂಡತಿ ಬರಡುನೆಲದಲ್ಲಿ ಉಳಿದದ್ದು ಯಾವುದೂ ಈ ಲೆಕ್ಕದಲ್ಲಿಲ್ಲ. ಹೆಂಗಸರು ಹೆಚ್ಚಾಗಿ ನರಳಿದ್ದು ಇವುಗಳಿಂದಲೇ. ಆಯೋಗ 1998ರಲ್ಲಿ ಒಪ್ಪಿಸಿದ ವರದಿ ತನ್ನ ಮಹಿಳಾ ಅಧ್ಯಾಯದಲ್ಲಿ ಈ ಕುರುಡನ್ನು ತಾನೇ ಹೇಳಿಕೊಂಡಿದೆ. ಅದರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಬೆತ್ ಗೋಲ್ಡ್‌ಬ್ಲಾಟ್, ಶೀಲಾ ಮೈಂಟ್‌ಯೆಸ್ ಎಂಬ ವಿದುಷಿಯರು 1996ರಲ್ಲೇ ಎಚ್ಚರಿಸಿದ್ದರಿಂದ ಹೆಂಗಸರಿಗಾಗಿಯೇ ಮೂರು ವಿಶೇಷ ಬೈಠಕ್ಕುಗಳು ನಡೆದುವು.

ಆಂಕೀ ಕ್ರೋಗ್ ಅವರ 'ಕಂಟ್ರಿ ಆಫ್ ಮೈ ಸ್ಕಲ್' ಎಂಬ ಪುಸ್ತಕ ಹುಟ್ಟಿದ್ದು ಇಲ್ಲಿ. ಕ್ರೋಗ್ ಆಫ್ರಿಕಾನ್ಸ್ ಭಾಷೆಯ ಹೆಸರಾಂತ ಕವಯಿತ್ರಿ. ಆಳುತ್ತಿದ್ದ ಬಿಳಿಯರ ಮನೆಯ ಮಗಳು. ಆಯೋಗದ ಹಿಂದೆ ಊರೂರು ಅಲೆದ ರೇಡಿಯೋ ವರದಿಗಾರ್ತಿ. 1998ರಲ್ಲಿ ಬಂದ ಈ ಪುಸ್ತಕದಲ್ಲಿ ವರದಿ, ಆತ್ಮಕಥೆ, ಕವಿತೆ, ಕಲ್ಪನೆ ಎಲ್ಲವೂ ಕಲಸಿಕೊಂಡಿವೆ. ಹೆಂಗಸರ ಸಾಕ್ಷ್ಯಕ್ಕೆಂದೇ ಒಂದು ಅಧ್ಯಾಯವಿದೆ. ಬಿಡುಗಡೆಯ ಸೈನ್ಯದಲ್ಲಿ ದುಡಿದ ಥೆಂಜಿವೆ ಎಂಟಿಂಟ್ಸೊ ಅವರು 1997ರ ಜೊಹಾನ್ಸ್‌ಬರ್ಗ್ ಬೈಠಕ್ಕಿನ ಪ್ರಾರಂಭದಲ್ಲಿ ಆಡಿದ ಮಾತು ಅಲ್ಲಿ ಬರುತ್ತದೆ. ಸಂಗಾತಿಗಳ ಕೈಯಲ್ಲೇ ಕೆಟ್ಟವಳು ಅದನ್ನು ಹೇಳಿದರೆ ಹೋರಾಟಕ್ಕೆ ಎರಡು ಬಗೆದಂತಾಗುತ್ತಿತ್ತು ಎಂಬ ಕಠೋರ ಸತ್ಯ ಅಲ್ಲಿ ಓದುಗನ ಮುಂದೆ ನಿಲ್ಲುತ್ತದೆ. ಈ ಅಧ್ಯಾಯ ಪುಸ್ತಕದ ಎದೆ. ಆದರೂ ಪುಸ್ತಕವನ್ನು ಮುಚ್ಚಿದಾಗ ನನ್ನ ನೆನಪಿನಲ್ಲಿ ಉಳಿದದ್ದು ಸಾಕ್ಷಿಗಳಿಗಿಂತ ಹೆಚ್ಚಾಗಿ ಕ್ರೋಗ್ ಅವರ ತಳಮಳ. ಆ ತಳಮಳ ಸಾಚಾ ಎನ್ನುವುದರಲ್ಲಿ ಸಂದೇಹವಿಲ್ಲ. ಆದರೆ ಅತ್ತವಳ ಪಕ್ಕದಲ್ಲಿ ನಿಂತು ಅವಳಿಗಿಂತ ಗಟ್ಟಿಯಾಗಿ ಅಳುವವರು ನಮ್ಮ ಊರುಗಳಲ್ಲೂ ಇದ್ದಾರೆ. ಅವರ ದುಃಖ ಸುಳ್ಳಲ್ಲ, ಅದರಿಂದ ಸತ್ತವರ ಮನೆಯವರಿಗೆ ಉಪಯೋಗ ಮಾತ್ರ ಇಲ್ಲ.

ಅಖ್ಮತ್ ಡಾಂಗರ್ ಅವರ 'ಬಿಟರ್ ಫ್ರೂಟ್' (2001) ಕಾದಂಬರಿಯಲ್ಲಿ ನಾವು ಆಯೋಗದ ಹೊರಬಾಗಿಲಿನಿಂದ ಒಂದು ಮನೆಯ ಒಳಬಾಗಿಲಿಗೆ ಬರುತ್ತೇವೆ. ಸೈಲಸ್ ಅಲಿ ಹಿಂದೆ ಭೂಗತ ಹೋರಾಟಗಾರ, ಈಗ ನ್ಯಾಯಮಂತ್ರಾಲಯದ ಅಧಿಕಾರಿ. ಆಯೋಗಕ್ಕೂ ಸರ್ಕಾರಕ್ಕೂ ನಡುವಿನ ಕೊಂಡಿ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಡುಬ್ವಾ ಎಂಬ ಪೋಲೀಸಿನವನು ಅವನ ಹೆಂಡತಿ ಲಿಡಿಯಾಳ ಮೇಲೆ ಅತ್ಯಾಚಾರವೆಸಗಿದ್ದ. ಪೋಲೀಸ್ ವ್ಯಾನಿನಲ್ಲಿ ಬಂದಿಯಾಗಿದ್ದ ಸೈಲಸ್ ಅವಳ ಕೂಗನ್ನು ಕೇಳಿದ್ದ. ಅಂದಿನಿಂದ ಗಂಡಹೆಂಡಿರು ಆ ಮಾತೆತ್ತಿಲ್ಲ. ಒಂದು ದಿನ ಅಂಗಡಿಗಳ ನಡುವೆ ಸೈಲಸ್‌ಗೆ ಆ ಮುದುಕ ಎದುರಾಗುತ್ತಾನೆ. ಮನೆಗೆ ಬಂದು ಹೆಂಡತಿಗೆ ಹೇಳುತ್ತಾನೆ. ಲಿಡಿಯಾ ಕೆಳಗೆ ಬಿದ್ದ ಗಾಜಿನ ಚೂರುಗಳ ಮೇಲೆ ಬರಿಗಾಲಿನಲ್ಲಿ ಕುಣಿಯುತ್ತಾಳೆ.

ಈ ದೃಶ್ಯವನ್ನು ಕೆಲವರು ಅತಿರೇಕವೆನ್ನಬಹುದು. ನನಗೆ ಹಾಗೆ ತೋರಲಿಲ್ಲ. ಆ ಮನೆಯಲ್ಲಿ ಮಾತಿಗೆ ಜಾಗವಿಲ್ಲದ್ದರಿಂದ ಕಾಲು ಮಾತನಾಡಿತು. ಡಾಂಗರ್ ಅವರ ದೊಡ್ಡ ಸೂಕ್ಷ್ಮವಿರುವುದು ಮುಂದಿನ ಪುಟಗಳಲ್ಲಿ. ಸೈಲಸ್ ಕೆಟ್ಟವನಲ್ಲ, ಹೆಂಡತಿಯನ್ನು ಪ್ರೀತಿಸುತ್ತಾನೆ. ಆದರೆ ಅವಳಿಗಾದ ಅನ್ಯಾಯವನ್ನು ಅವನು ತನ್ನ ಗಾಯವೆಂದೇ ತಿಳಿದಿದ್ದಾನೆ. ತಾನು ಕೂಗನ್ನು ಕೇಳಿದೆ, ತಾನು ಏನೂ ಮಾಡಲಾಗಲಿಲ್ಲ ಎಂಬ ಸಂಕಟದಲ್ಲಿ, ಕೂಗಿದವಳು ಯಾರು ಎಂಬುದು ಅವನಿಗೆ ಮರೆತಂತಾಗಿದೆ. ದೇಶಕ್ಕೆಲ್ಲ ಸತ್ಯದ ಕಾಗದಪತ್ರ ಸಿದ್ಧಪಡಿಸುವ ಈ ಅಧಿಕಾರಿ ತನ್ನ ಮನೆಯ ಸತ್ಯಕ್ಕೆ ಒಂದು ಕುರ್ಚಿ ಹಾಕಲಾರ. ಡುಬ್ವಾ ಕ್ಷಮಾದಾನಕ್ಕೆ ಅರ್ಜಿ ಹಾಕುತ್ತಾನೆ. ಆಯೋಗದ ಮುಂದೆ ಬಂದು ಹೇಳಿ ಎಂದು ಲಿಡಿಯಾಳನ್ನು ಕೇಳಿಕೊಳ್ಳುತ್ತಾರೆ. ಅವಳು ಒಲ್ಲೆನೆನ್ನುತ್ತಾಳೆ. ಹೇಳಿದರೆ ಯಾವುದೂ ಬದಲಾಗದು, ತನ್ನ ನೋವು ಇನ್ನೊಬ್ಬರ ಉಪಯೋಗದ ವಸ್ತುವಾಗುತ್ತದೆ ಎಂಬ ಅವಳ ಅರಿವು ಹೇಡಿತನವಲ್ಲ. ಹಕ್ಕು ಕೊಟ್ಟಮೇಲೆ ಅದನ್ನು ಚಲಾಯಿಸದಿರುವ ಹಕ್ಕೂ ಅದರೊಳಗೇ ಇದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಬೇರೊಂದು ಕೃತಿಯನ್ನು ನಾನು ಓದಿಲ್ಲ.

ಇಷ್ಟು ಮಾಡಿದ ಕಾದಂಬರಿಕಾರರು ಕೊನೆಯ ಭಾಗದಲ್ಲಿ ಕೈತಪ್ಪಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಆ ಅತ್ಯಾಚಾರದಿಂದ ಹುಟ್ಟಿದ ಮಗ ಮೈಕಿ, ತಾಯಿಯ ದಿನಚರಿಯನ್ನು ಓದಿ ತನ್ನ ಹುಟ್ಟನ್ನು ತಿಳಿಯುತ್ತಾನೆ. ಸೈಲಸ್‌ನ ತಂದೆಯ ಕಡೆಯವರನ್ನು ಹುಡುಕಿಕೊಂಡು ಹೋಗಿ, ಭಾರತದಲ್ಲಿ ತನ್ನ ಸೋದರಿಯನ್ನು ಕೆಡಿಸಿದ ಬ್ರಿಟಿಷ್ ಅಧಿಕಾರಿಯನ್ನು ಕೊಂದು ಓಡಿಬಂದ ಅಜ್ಜನ ಕಥೆಯನ್ನು ಕೇಳುತ್ತಾನೆ. ಕೊನೆಗೆ ತಾನೂ ಪಿಸ್ತೂಲು ಹಿಡಿದು ಡುಬ್ವಾನನ್ನು ಕೊಲ್ಲುತ್ತಾನೆ. ಅಜ್ಜನಿಂದ ಮೊಮ್ಮಗನಿಗೆ ಸೇಡು ಆಸ್ತಿಯಂತೆ ಇಳಿದು ಬರುತ್ತದೆ. ಗಂಡ ಅವಳ ದುಃಖವನ್ನು ತನ್ನದೆಂದು ಕಿತ್ತುಕೊಂಡ. ಮಗ ಅವಳ ಸಿಟ್ಟನ್ನು ಕಿತ್ತುಕೊಂಡ. ಡಾಂಗರ್ ಇದನ್ನು ವ್ಯಂಗ್ಯವಾಗಿ ಕಂಡಿದ್ದರೆ ಕೃತಿ ಮೇಲೇರುತ್ತಿತ್ತು. ಆದರೆ ಕೊಲೆಯ ಸನ್ನಿವೇಶದಲ್ಲಿ ಅವರ ಗದ್ಯ ಬಿಸಿಯಾಗುತ್ತದೆ, ಕಥೆ ಓಟಕ್ಕೆ ಬೀಳುತ್ತದೆ, ನಾವು ಲಿಡಿಯಾಳನ್ನು ಬಿಟ್ಟು ಮೈಕಿಯ ಹಿಂದೆ ಓಡುತ್ತೇವೆ. ಪುಣ್ಯಕ್ಕೆ ಕೊನೆಯ ಪುಟಗಳು ಲಿಡಿಯಾಳವು. ಗಂಡನ ಐವತ್ತನೆಯ ಹುಟ್ಟುಹಬ್ಬದ ಔತಣವಾದಮೇಲೆ ಅವಳು ಕಾರು ಹತ್ತಿ ಒಬ್ಬಳೇ ಊರು ಬಿಡುತ್ತಾಳೆ. ಎಲ್ಲಿಗೆ, ಏಕೆ ಎಂದು ಭಾಷಣ ಮಾಡುವುದಿಲ್ಲ. ಮುಂದೆ ರಸ್ತೆಯಿದೆ, ಅಷ್ಟೆ. ನೋರಾಳಂತೆ ಬಾಗಿಲು ಬಡಿಯುವ ಸದ್ದೂ ಇಲ್ಲ.

ಜೆ. ಎಂ. ಕುಟ್ಸೀ ಅವರ 'ಡಿಸ್‌ಗ್ರೇಸ್' (1999) ಬಹಳ ಚರ್ಚೆಯಾದ ಕಾದಂಬರಿ. ಅದರ ವಿಷಯ ಇಲ್ಲಿ ಎರಡೇ ಮಾತು. ಬಿಳಿಯ ಹುಡುಗಿ ಲೂಸಿ ತನ್ನ ತೋಟದ ಮನೆಯಲ್ಲಿ ಅತ್ಯಾಚಾರಕ್ಕೆ ಗುರಿಯಾಗಿ, ಕಳ್ಳತನದ ದೂರನ್ನು ಮಾತ್ರ ಬರೆಯಿಸಿ ಆ ದೂರನ್ನು ಬಿಟ್ಟುಬಿಡುತ್ತಾಳೆ. ಕರಿಯರನ್ನು ಅವಹೇಳನ ಮಾಡುವ ಚಿತ್ರ ಇದರಲ್ಲಿದೆಯೆಂಬ ಗದ್ದಲ ಅಲ್ಲಿ ಎದ್ದಿತು. 2000ದಲ್ಲಿ ಆಳುವ ಪಕ್ಷವೇ ಮಾನವಹಕ್ಕುಗಳ ಆಯೋಗದ ಮುಂದೆ ಈ ಕಾದಂಬರಿಯ ಮಾತೆತ್ತಿತು. ಇಬ್ಬರು ಹೆಂಗಸರ ಮೌನ ಒಂದೇ ಎಂದು ತಿಳಿಯಬಾರದು. ಲಿಡಿಯಾಳ ಮನಸ್ಸಿನೊಳಗೆ ಡಾಂಗರ್ ನಮ್ಮನ್ನು ಕರೆದೊಯ್ಯುತ್ತಾರೆ. ಕುಟ್ಸೀ ಲೂಸಿಯ ಕೋಣೆಯ ಬಾಗಿಲನ್ನು ಬೇಕೆಂದೇ ಮುಚ್ಚಿದ್ದಾರೆ. ನಾವು ಅವಳ ತಂದೆಯೊಡನೆ ಹೊರಗೆ ನಿಂತಿರುತ್ತೇವೆ. ತಾನೇ ಒಬ್ಬ ವಿದ್ಯಾರ್ಥಿನಿಯ ವಿಷಯದಲ್ಲಿ ತಪ್ಪಿ ನಡೆದ ತಂದೆ ಅವನು. ಕಲೆಯ ದೃಷ್ಟಿಯಿಂದ ಈ ಮುಚ್ಚಿದ ಬಾಗಿಲು ನಿರ್ದೋಷವಾದದ್ದು. ಆದರೆ ಅದರಾಚೆ ಕುಳಿತವಳ ವಿಷಯ ನನಗೆ ತಿಳಿದದ್ದು ಸ್ವಲ್ಪವೇ.

ಎನ್‌ಜಾಬುಲೊ ಎನ್‌ಡೆಬೆಲೆ ಅವರದು ಬೇರೆ ದಾರಿ. ಎಂಬತ್ತರ ದಶಕದಲ್ಲೇ ಅವರು 'ಸಾಮಾನ್ಯದ ಪುನಶ್ಶೋಧ' ಎಂಬ ಅರ್ಥದ ಒಂದು ಪ್ರಬಂಧವನ್ನು ಬರೆದು, ಹೋರಾಟದ ಸಾಹಿತ್ಯ ಗುಂಡು ಬೆಂಕಿಗಳ ದೃಶ್ಯಾವಳಿಯಲ್ಲಿ ಮುಳುಗಿ ದಿನದ ಬಾಳನ್ನು ಮರೆತಿದೆಯೆಂದು ಎಚ್ಚರಿಸಿದ್ದರು. 2003ರ 'ದಿ ಕ್ರೈ ಆಫ್ ವಿನ್ನಿ ಮಂಡೇಲಾ' ಆ ಪ್ರಬಂಧಕ್ಕೆ ಅವರೇ ಬರೆದ ಉದಾಹರಣೆಯಂತಿದೆ. ನಾಲ್ವರು ಹೆಂಗಸರು, ನಾಲ್ವರೂ ಗಂಡನಿಗಾಗಿ ಕಾದವರು. ಒಬ್ಬಳ ಗಂಡ ಲೆಸೋಥೊದಿಂದ ಗಣಿಗೆ ಹೋದ. ಒಬ್ಬಳವನು ವೈದ್ಯವಿದ್ಯೆಗೆಂದು ಪರದೇಶಕ್ಕೆ ಹೋದ. ಮೂರನೆಯವಳವನು ಹೋರಾಟಕ್ಕೆ ಹೋಗಿ, ಸೆರೆಯಿಂದ ಬಂದು, ಬಿಳಿಯಳೊಬ್ಬಳನ್ನು ಮದುವೆಯಾದ. ನಾಲ್ಕನೆಯವಳವನು ಎಲ್ಲಿಗೂ ಹೋಗಲಿಲ್ಲ; ಪರಸ್ತ್ರೀಯರ ಹಿಂದೆ ಅಲೆದು ಸತ್ತ. ಇವರು ಒಂದು ಗೋಷ್ಠಿ ಕೂಡಿ, ಇಪ್ಪತ್ತೇಳು ವರ್ಷ ಕಾದ ವಿನ್ನಿ ಮಂಡೇಲಾರನ್ನು ಮನಸ್ಸಿನಲ್ಲೇ ಕರೆದು ಕೂರಿಸಿ, ಪ್ರಶ್ನೆ ಕೇಳುತ್ತಾರೆ. ಇವರೆಲ್ಲರ ಹಿಂದೆ ಗ್ರೀಕ್ ಕಾವ್ಯದ ಪೆನೆಲೊಪೆ ನಿಂತಿದ್ದಾಳೆ. ನಮಗಾದರೆ ಊರ್ಮಿಳೆಯ ನೆನಪಾಗುತ್ತದೆ. ಹದಿನಾಲ್ಕು ವರ್ಷ ಅವಳು ಏನು ಮಾಡುತ್ತಿದ್ದಳೆಂದು ವಾಲ್ಮೀಕಿ ಹೇಳಲಿಲ್ಲ.

ಎನ್‌ಡೆಬೆಲೆಯವರ ಪ್ರಶ್ನೆ ಚುರುಕಾಗಿದೆ. ಹೊಸ ದೇಶ ಬಂದಿದೆ, ಗಂಡಸರು ಹಿಂದಿರುಗಿದ್ದಾರೆ. ಕಾಯುವುದನ್ನೇ ಗುಣವೆಂದು ಕಲಿಸಿದ ನೀತಿಯನ್ನು ಈಗ ಏನು ಮಾಡುವುದು? ವಿನ್ನಿಯವರ ಮೇಲಿನ ಅಪರಾಧದ ಆರೋಪಗಳನ್ನು, 1997ರಲ್ಲಿ ಅವರು ಆಯೋಗದ ಮುಂದೆ ಕುಳಿತ ರೀತಿಯನ್ನು ಅವರು ಮುಚ್ಚುವುದಿಲ್ಲ. ಮೆಚ್ಚಿಕೆಯೂ ಖಂಡನೆಯೂ ಒಟ್ಟಿಗೆ ನಡೆಯುತ್ತವೆ. ಕೊರತೆಯೆಂದರೆ, ನಾಲ್ವರು ಹೆಂಗಸರೂ ಕ್ರಮೇಣ ಒಂದೇ ಧ್ವನಿಯಲ್ಲಿ ಮಾತನಾಡತೊಡಗುತ್ತಾರೆ. ಆ ಧ್ವನಿ ಒಬ್ಬ ತಿಳಿವಳಿಕೆಯುಳ್ಳ ಪ್ರಾಧ್ಯಾಪಕನದು. ಗಣಿಗಾರನ ಹೆಂಡತಿಗೆ ತನ್ನದೇ ಆದ ನುಡಿಗಟ್ಟು ಇರಬೇಡವೆ? ಕಲ್ಪನೆ ಎಷ್ಟು ಉದಾರವಾಗಿದ್ದರೂ ಅದು ಇನ್ನೊಬ್ಬಳ ಬಾಯಿಗೆ ತನ್ನ ಮಾತನ್ನೇ ತುಂಬುವ ಅಪಾಯ ಇದ್ದೇ ಇರುತ್ತದೆ.

ಈ ಅಪಾಯವನ್ನು ಅರಿತು ಬರೆದ ಪುಸ್ತಕ ಇನ್ನೊಂದಿದೆ. ಇವೆಲ್ಲಕ್ಕಿಂತ ಕಡಮೆ ಹೆಸರಾದದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. 'ದೇರ್ ವಾಸ್ ದಿಸ್ ಗೋಟ್', ಎಂದರೆ ಒಂದು ಆಡಿತ್ತು ಎಂದು ಅದರ ಹೆಸರು. 2009ರಲ್ಲಿ ಬಂತು. ಬರೆದವರು ಮೂವರು: ಅದೇ ಆಂಕೀ ಕ್ರೋಗ್, ಖೋಸಾ ಭಾಷೆಯ ವಿದುಷಿ ನೊಸಿಸಿ ಎಂಪೊಲ್ವೇನಿ, ಮನಶ್ಶಾಸ್ತ್ರಜ್ಞ ಕೊಪಾನೊ ರಾಟೆಲೆ. ಮೂವರು ಸೇರಿ ಇಡೀ ಒಂದು ಪುಸ್ತಕವನ್ನು ಬರೆದದ್ದು ಒಬ್ಬ ಮುದುಕಿ ಆಡಿದ ಕೆಲವು ನಿಮಿಷಗಳ ಮಾತಿನ ಮೇಲೆ.

1986ರ ಮಾರ್ಚ್ 3ರಂದು ಕೇಪ್‌ಟೌನಿನ ಗುಗುಲೆಥುವಿನಲ್ಲಿ ಏಳು ಜನ ಯುವಕರನ್ನು ಪೋಲೀಸರು ಹೊಂಚಿ ಕೊಂದರು. ಹತ್ತು ವರ್ಷಗಳ ಮೇಲೆ ತಾಯಂದಿರು ಆಯೋಗದ ಮುಂದೆ ಬಂದು ಸಾಕ್ಷಿ ನುಡಿದರು. ಅವರಲ್ಲಿ ಒಬ್ಬರು ಶ್ರೀಮತಿ ಕೊನಿಲೆ, ದೂರದ ಹಳ್ಳಿಗಾಡಿನವರು. ಉಳಿದ ತಾಯಂದಿರ ಮಾತು ಎಲ್ಲರನ್ನೂ ಕರಗಿಸಿತು. ಕೊನಿಲೆಯವರ ಮಾತು ಯಾರಿಗೂ ತಿಳಿಯಲಿಲ್ಲ. ಮಗನ ಸಾವಿನ ನಡುವೆ ಆಡಿನ ಮಾತು ಬಂತು. ಕಲ್ಲಿದ್ದಲು ತರಲು ಹೋದಾಗ ಮೈಮೇಲೆ ಬಂಡೆ ಉರುಳಿದ ಮಾತು ಬಂತು. ಇಂಗ್ಲಿಷಿನ ದಾಖಲೆಯನ್ನು ಓದಿದರೆ, ದುಃಖದಿಂದ ಬುದ್ಧಿ ಕದಡಿದ ಮುದುಕಿಯ ಬಡಬಡಿಕೆ ಎನ್ನಿಸುತ್ತದೆ. ಅಂದು ಅಲ್ಲಿ ವರದಿಗಾರ್ತಿಯಾಗಿ ಕುಳಿತಿದ್ದ ಕ್ರೋಗ್ ಅವರಿಗೂ ತಲೆಬುಡ ತಿಳಿದಿರಲಿಲ್ಲ. ವರ್ಷಗಳ ಮೇಲೆ ದಾಖಲೆಯನ್ನು ಹುಡುಕಹೋದರೆ, ಅನುಕ್ರಮಣಿಕೆಯಲ್ಲಿ ಆಕೆಯ ಹೆಸರೇ ಇಲ್ಲ. ಇದ್ದ ಕಡೆ ಮನೆತನದ ಹೆಸರನ್ನು ತಪ್ಪಾಗಿ ಬರೆದಿದೆ. ಆ ತಾಯಂದಿರ ಗುಂಪಿನಲ್ಲಿ ಸ್ವಂತ ಹೆಸರಿಲ್ಲದೆ ಉಳಿದವರು ಅವರೊಬ್ಬರೇ.

ಮೂವರು ಪಂಡಿತರು ಮೂಲ ಧ್ವನಿಮುದ್ರಣವನ್ನು ತರಿಸಿ ಖೋಸಾದಲ್ಲಿ ಕೇಳಿದರು. ಒಂದೊಂದೇ ವಾಕ್ಯವನ್ನು ಮತ್ತೆ ಅನುವಾದಿಸಿದರು. ಆಗ ಕದಡಿದ್ದು ತಿಳಿಯಾಯಿತು. ಆಡು ಎಲ್ಲಿಂದಲೋ ಬಂದ ಆಡಲ್ಲ. ಹಿಂದಿನ ರಾತ್ರಿ ಕಂಡ ಕನಸು. ಕನಸು ಎಂಬ ಒಂದು ಪದ ಅವಸರದ ದುಭಾಷಿಯ ಬಾಯಿಂದ ಜಾರಿಹೋಗಿ, ಮುದುಕಿ ಹಗಲಿನಲ್ಲೇ ಆಡನ್ನು ಕಂಡವಳಾಗಿದ್ದಳು. ಖೋಸಾ ಜನರಿಗೆ ಆಡು ಪಿತೃಗಳೊಡನೆ ಸಂಬಂಧವುಳ್ಳ ಪ್ರಾಣಿ. ಅದು ತಲೆಯೆತ್ತಿ ನೋಡುತ್ತ ಕನಸಿನಲ್ಲಿ ನಿಂತರೆ ಅದಕ್ಕೆ ಅರ್ಥವಿದೆ. ಕೆಟ್ಟ ಸುದ್ದಿ ಮುಟ್ಟುವ ಮೊದಲೇ ತನಗೆ ಸೂಚನೆಯಾಗಿತ್ತೆಂದು ಆಕೆ ಹೇಳುತ್ತಿದ್ದರು. ಬಂಡೆಯ ಮಾತೂ ಹಾಗೆಯೇ. ದುಡಿದು ತರಬೇಕಾದ ಮಗ ಸತ್ತಮೇಲೆ ತನ್ನ ಬಾಳು ಏನಾಯಿತೆಂದು ಹೇಳುವುದಕ್ಕೆ ಆಕೆಗೆ ಬೇರೆ ಭಾಷೆ ಬೇಕಿರಲಿಲ್ಲ; ಕಲ್ಲಿದ್ದಲು ಆರಿಸಿ ಒಲೆ ಹೊತ್ತಿಸುವವಳ ಮೈಮೇಲೆ ಬಂಡೆ ಬಿತ್ತು. ಇದರಲ್ಲಿ ಬಡಬಡಿಕೆ ಎಲ್ಲಿದೆ?

ಇನ್ನೊಂದು ವಿಷಯ. ಆಯೋಗಕ್ಕೆ ಪ್ರಿಯವಾದದ್ದು ಕ್ಷಮೆ. ಬೇರೆ ತಾಯಂದಿರು ಆ ಹಾದಿಯಲ್ಲಿ ನಡೆದಾಗ ಕೊನಿಲೆ ಸುಲಭವಾಗಿ ಜೊತೆಗೂಡಲಿಲ್ಲ. ತಾನು ಒಬ್ಬಂಟಿ, ತಾನು ಏನೂ ಇಲ್ಲದವಳು ಎಂದೇ ಹೇಳಿದರು. ಆಫ್ರಿಕದ ಹೆಂಗಸೆಂದರೆ ಸಮುದಾಯದ ತಾಯಿ, ಕ್ಷಮಾಮೂರ್ತಿ ಎಂಬ ಚಿತ್ರಕ್ಕೆ ಈ 'ನಾನು' ಹೊಂದಲಿಲ್ಲ. ರಾಟೆಲೆ ಮೊದಲಾದವರು ಈ 'ನಾನು' ಎಂಬುದನ್ನು ಬಿಡಿಸುವ ಭಾಗ ಪುಸ್ತಕದಲ್ಲಿ ಅತ್ಯಂತ ಸ್ವಾರಸ್ಯವಾದದ್ದು: ಕುಲದೊಡನೆ ಬೆಸೆದು ಬಾಳಿದವಳೇ ಕುಲದ ಕೊಂಡಿ ಕಳಚಿದಾಗ ಇಷ್ಟು ಒಂಟಿಯಾಗಿ ಮಾತನಾಡಬಲ್ಲಳು. ವಾದ ಅಲ್ಲಲ್ಲಿ ಶಾಸ್ತ್ರದ ಪರಿಭಾಷೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಪುಟಗಳನ್ನು ಹಾರಿಸಬೇಕೆನ್ನಿಸುವ ಕಡೆಗಳೂ ಇವೆ. ಅದನ್ನೆಲ್ಲ ಮನ್ನಿಸಬಹುದು. ಏಕೆಂದರೆ ಇವರು ಕೊನಿಲೆಯವರ ಪರವಾಗಿ ಮಾತನಾಡಲಿಲ್ಲ. ಆಕೆಯ ಮಾತನ್ನು ಮತ್ತೆ ಕೇಳಿದರು. ಆಕೆಯ ಊರಿಗೆ ಹೋಗಿ ಮನೆಯ ಬಾಗಿಲಲ್ಲಿ ನಿಂತರು. 'ಕಂಟ್ರಿ ಆಫ್ ಮೈ ಸ್ಕಲ್' ಬರೆದ ಕೈಯೇ ಇದನ್ನೂ ಬರೆದದ್ದು ಎಂಬುದನ್ನು ನೆನೆದರೆ, ಆ ಹನ್ನೊಂದು ವರ್ಷಗಳಲ್ಲಿ ಒಬ್ಬ ಲೇಖಕಿ ಎಷ್ಟು ದೂರ ನಡೆದರೆಂಬುದು ತಿಳಿಯುತ್ತದೆ.

ನಾನು ಪ್ರಾರಂಭದಲ್ಲಿ ಹೇಳಿದ ಸಂದು ಇದೇ. ಕೊನಿಲೆಯವರಿಗೆ ಆಯೋಗದ ಮುಂದೆ ಮಾತನಾಡುವ ಹಕ್ಕು ಇತ್ತು, ಕುರ್ಚಿ ಇತ್ತು, ಧ್ವನಿವರ್ಧಕ ಇತ್ತು, ತಮ್ಮ ಭಾಷೆಯಲ್ಲೇ ಹೇಳುವ ಸ್ವಾತಂತ್ರ್ಯವೂ ಇತ್ತು. ದುಭಾಷಿಯ ಪೆಟ್ಟಿಗೆಯಿಂದ ದಾಖಲೆಯ ಪುಟಕ್ಕೆ ಬರುವಷ್ಟರಲ್ಲಿ ಆಕೆ ಹೆಸರನ್ನೂ ಬುದ್ಧಿಯನ್ನೂ ಕಳೆದುಕೊಂಡಿದ್ದರು. ಯಾರ ದುರುದ್ದೇಶವೂ ಅದರಲ್ಲಿ ಇರಲಿಲ್ಲ. ಆದರೂ ಹಕ್ಕು ನಿಷ್ಪ್ರಯೋಜಕವಾಗಿತ್ತೆಂದು ಹೇಳಲಾರೆ. ಅಂದು ಆಕೆ ಕುಳಿತು ಆಡಿದ್ದರಿಂದಲೇ ಸುರುಳಿಯಲ್ಲಿ ಆ ಧ್ವನಿ ಉಳಿದದ್ದು, ಮೂವರು ಮತ್ತೆ ಕೇಳಲು ಸಾಧ್ಯವಾದದ್ದು. 2004ರಲ್ಲಿ ಸಂವಿಧಾನ ನ್ಯಾಯಾಲಯವು ಖಯೆಲಿತ್ಷಾದ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಮೊಕದ್ದಮೆಯಲ್ಲಿ, ಆಸ್ತಿ ಗಂಡು ವಾರಸುದಾರನಿಗೇ ಹೋಗಬೇಕೆಂಬ ಕುಲಾಚಾರವನ್ನು ತಳ್ಳಿಹಾಕಿತು. ಸತ್ತ ತಂದೆಯ ಮನೆಯನ್ನು ಮಾರಿ ಉತ್ತರಕ್ರಿಯೆಯ ಖರ್ಚು ತೀರಿಸುತ್ತೇನೆಂದು ಅಜ್ಜ ಹೊರಟಿದ್ದ. ಮಕ್ಕಳ ತಾಯಿ ನ್ಯಾಯಾಲಯದ ಮೆಟ್ಟಿಲೇರಿದಳು. ಅಂದು ಕೆಂಪ್ಟನ್ ಪಾರ್ಕಿನ ಮೇಜಿನ ಮುಂದೆ ಕುಳಿತವರು ಕುಲಾಚಾರವನ್ನು ಸಂವಿಧಾನಕ್ಕೆ ಅಧೀನವಾಗಿ ಇಡದಿದ್ದರೆ ಆಕೆಗೆ ಏರಲು ಮೆಟ್ಟಿಲೇ ಇರುತ್ತಿರಲಿಲ್ಲ.

ಈ ಪುಸ್ತಕಗಳಲ್ಲಿ ಕನ್ನಡಕ್ಕೆ ಬರಬೇಕಾದದ್ದು ಯಾವುದೆಂದು ಕೇಳಿದರೆ, ಡಾಂಗರ್ ಅವರ ಕಾದಂಬರಿ ಮೊದಲು ಎಂದು ಹಲವರು ಹೇಳಿಯಾರು. ನಾನು ಆಡಿನ ಪುಸ್ತಕವನ್ನು ಸೂಚಿಸುತ್ತೇನೆ. ಅನುವಾದಕರ ಕಷ್ಟ ಸಣ್ಣದಲ್ಲ. ಪುಸ್ತಕದ ಇಂಗ್ಲಿಷ್ ಮಾತ್ರ ಅವರ ಕೈಯಲ್ಲಿರುತ್ತದೆ; ಖೋಸಾ ಎರಡು ಸಲ ಸೋಸಿ ಬಂದಿರುತ್ತದೆ. ನಮ್ಮ ಕುರುಬರ ಹಟ್ಟಿಯ ಮುದುಕಿಯೊಬ್ಬಳು ಕನಸು ಹೇಳುವಾಗ 'ಕಂಡೆ' ಎನ್ನುತ್ತಾಳೆಯೇ, 'ಕಂಡಂಗಾಯ್ತು' ಎನ್ನುತ್ತಾಳೆಯೇ ಎಂಬುದನ್ನು ಅನುವಾದಕರು ಮೊದಲು ಹೋಗಿ ಕೇಳಿಕೊಂಡು ಬರಬೇಕು. ಕೊನಿಲೆಯವರ ಇಂಗ್ಲಿಷ್ ದಾಖಲೆ ಎಡವಿದ್ದು ಅಷ್ಟೇ ಅಗಲದ ಒಂದು ಜಾಗದಲ್ಲಿ.